ಹಾಲ್ ಟಿಕೆಟ್ ಮುಂದಿಟ್ಟು ಕೇಳಿದರೆ ಅದು ಒಪ್ಪಿಗೆಯಾ?

ಇವತ್ತಿನ ಮಾತು ಅಟೆಂಡೆನ್ಸ್ ಬಗ್ಗೆ. ಬೆರಳೊತ್ತು, ಕ್ಯಾಮೆರಾಗೆ ಮುಖ ತೋರಿಸು ಅನ್ನೋ ಅಟೆಂಡೆನ್ಸ್ ಬಗ್ಗೆ.

ನಂದು ಬಿ.ಕಾಂ., ಹಾಗಾಗಿ ಮೊದಲು ಲೆಕ್ಕ. ನಮ್ಮ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಶೇ 75ರಷ್ಟು ಹಾಜರಾತಿ ಬೇಕು. ಒಂದು ವಿಷಯಕ್ಕೆ 60 ಕ್ಲಾಸ್ ಇದ್ರೆ 45ಕ್ಕೆ ಇರಲೇಬೇಕು. ಹದಿನಾರನೇದು ತಪ್ಪಿದ್ರೆ ಶಾರ್ಟೇಜ್. ಆಮೇಲೆ ಹಾಲ್ ಟಿಕೆಟ್‌ಗೆ ಅಲೆದಾಟ.

ಈಗ ಮೆಜೆಸ್ಟಿಕ್ ನೆನಪಿಸಿಕೊಳ್ಳಿ. ತುಮಕೂರು, ರಾಮನಗರ, ಮದ್ದೂರು ಕಡೆಯಿಂದ ಟ್ರೇನ್ ಪಾಸ್ ಇಟ್ಕೊಂಡು ಓದೋಕೆ ಬರೋರು ಬೆಳಗ್ಗೆ ಇಳಿಯೋದು ಇಲ್ಲೇ. ಇಲ್ಲಿಂದ ಒಬ್ಬರು ರೇಸ್‌ಕೋರ್ಸ್ ರಸ್ತೆಯ ಆರ್‌ಸಿ ಕಾಲೇಜಿಗೆ, ಇನ್ನೊಬ್ಬರು ಮಲ್ಲೇಶ್ವರಕ್ಕೆ, ಮತ್ತೊಬ್ಬರು ಬಸವನಗುಡಿಗೆ ಓಡಬೇಕು. ರಿಜಿಸ್ಟರ್ ಹಿಡಿದ ಮೇಷ್ಟ್ರಿಗಾದ್ರೆ 'ಸಾರ್, ಟ್ರೇನ್ ಲೇಟು' ಅನ್ನಬಹುದು. ಬೈದಾದ್ರೂ ಪ್ರೆಸೆಂಟ್ ಹಾಕ್ತಾರೆ. ಮಷೀನ್‌ಗೆ ಏನಂತ ಹೇಳೋದು?

ಮಷೀನ್ ಸುಮ್ನೆ ಬಂದಿಲ್ಲ, ನಿಜ. ಒಬ್ಬ ನಾಲ್ಕು ಜನರ ಪರವಾಗಿ 'ಎಸ್ ಸಾರ್' ಅಂದಿದ್ದನ್ನ ನಾವೆಲ್ಲ ಕೇಳಿದ್ದೀವಿ. ಆದ್ರೆ ಪ್ರಾಕ್ಸಿ ತಡೆಯೋಕೆ ನಾವು ಕೊಡ್ತಿರೋದು ಏನು ಗೊತ್ತಾ? ಪಾಸ್‌ವರ್ಡ್ ಕದ್ದರೆ ಬದಲಾಯಿಸಬಹುದು. ಮುಖ, ಬೆರಳಚ್ಚು ಬದಲಾಯಿಸೋಕಾಗಲ್ಲ.

'ವಿದ್ಯಾರ್ಥಿಗಳೇ ಸಹಿ ಹಾಕಿ ಒಪ್ಪಿದ್ದಾರಲ್ಲ' ಅಂತಾರೆ. ನನ್ನ ತಕರಾರು ಇಲ್ಲೇ ಇರೋದು. ಸ್ವೀಡನ್ನಿನ ಶೆಲೆಫ್ಟಿಯೋ ಅನ್ನೋ ಊರಿನ ಒಂದು ಶಾಲೆಯಲ್ಲಿ 22 ವಿದ್ಯಾರ್ಥಿಗಳ ಹಾಜರಾತಿಯನ್ನ ಮೂರು ವಾರ ಮುಖ ಗುರುತಿಸೋ ಕ್ಯಾಮೆರಾದಿಂದ ತಗೊಂಡ್ರು. ಒಪ್ಪಿಗೆ ಪಡೆದೇ ತಗೊಂಡಿದ್ರು. ಆದ್ರೂ 2019ರಲ್ಲಿ ಅಲ್ಲಿನ ಡೇಟಾ ಪ್ರಾಧಿಕಾರ 2 ಲಕ್ಷ ಕ್ರೋನಾ ದಂಡ ಹಾಕಿತು. ಶಾಲೆಯ ಕೈಯಲ್ಲಿರೋ ವಿದ್ಯಾರ್ಥಿ ಕೊಡೋ ಒಪ್ಪಿಗೆಯನ್ನ ಮುಕ್ತ ಒಪ್ಪಿಗೆ ಅನ್ನೋಕಾಗಲ್ಲ ಅನ್ನೋದು ಅವರ ವಾದ. ಹಾಜರಾತಿಗೆ ಬೇರೆ ದಾರಿಗಳೂ ಇದ್ವಲ್ಲ ಅಂತಲೂ ಹೇಳಿದ್ರು.

ಅದು ಸ್ವೀಡನ್, ನಮಗೇನು ಅಂತೀರಾ? ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಕೇಸ್ ಹಾಕಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ನಮ್ಮ ಬೆಂಗಳೂರಿನವರೇ. ಆಧಾರ್ ಪ್ರಶ್ನಿಸಿ 2012ರಲ್ಲಿ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತು ದಾಟಿತ್ತು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆ ಮುಕ್ತವಾಗಿರಬೇಕು, ಷರತ್ತಿಲ್ಲದೆ ಇರಬೇಕು ಅನ್ನುತ್ತೆ. 18 ತುಂಬದ ಪಿಯುಸಿ ಮಕ್ಕಳ ವಿಷಯದಲ್ಲಿ ಕಾಯ್ದೆ ಕೇಳೋದು ಅಪ್ಪ ಅಮ್ಮನ ಒಪ್ಪಿಗೆಯನ್ನ.

ಕ್ಲಾಸಿಗೆ ಹೋಗಬೇಡಿ ಅಂತಿಲ್ಲ ನಾನು. ಫಾರಂ ಕೈಗೆ ಬಂದಾಗ ನಾಲ್ಕು ಪ್ರಶ್ನೆ ಕೇಳಿ. ನನ್ನ ಬೆರಳಚ್ಚು ಕಾಲೇಜಲ್ಲೇ ಇರುತ್ತಾ, ಆಪ್ ಮಾಡಿದ ಕಂಪನಿಗೂ ಹೋಗುತ್ತಾ? ಕೋರ್ಸ್ ಮುಗಿದ ಮೇಲೆ ಅಳಿಸ್ತೀರಾ? ಮಷೀನ್ ತಪ್ಪು ಮಾಡಿದ್ರೆ ಸರಿಪಡಿಸೋರು ಯಾರು? ಬೇಡ ಅಂದವರಿಗೆ ರಿಜಿಸ್ಟರ್ ಇದೆಯಾ?

ಒಬ್ಬರೇ ಕೇಳೋಕೆ ಹಿಂಜರಿಕೆಯಾದ್ರೆ ಇಡೀ ಕ್ಲಾಸ್ ಸೇರಿ ಒಂದು ಅರ್ಜಿ ಬರೆದುಕೊಡಿ, ಸ್ವೀಕರಿಸಿದ್ದಕ್ಕೆ ಸೀಲ್ ಹಾಕಿಸ್ಕೊಳ್ಳಿ. ಬಂದ ಉತ್ತರ ನನಗೂ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಓದ್ತೀನಿ.