ಸಾಸಿನ ಸೀಸೆಯೂ ನಮ್ಮ ಒಲೆಯೂ



ಪ್ರಾರ್ಥನೆ ಮುಗಿದ ಮೇಲೆ ಚಂದಾ, ಬೋನಸ್ಸು ಎಂದು ಮಾತಾಡುವವನು ಈ ದಿನ ಅಡಿಗೆಯ ವಿಷಯಕ್ಕೆ ನಿಂತಿದ್ದಾನಲ್ಲ ಎಂದು ಹಿಂದೆ ಕುಳಿತವರು ನಗುತ್ತಿರುವುದು ಕಾಣುತ್ತಿದೆ. ನಗಿರಿ. ಆದರೆ ಇದೂ ಸಂಬಳದ ಮಾತೇ. ಹೋದ ತಿಂಗಳು ನಮ್ಮ ಮನೆಯ ಅಂಗಡಿ ಚೀಟಿ ಕೂಡಿಸಿ ನೋಡಿದೆ. ಎರಡು ಸೀಸೆ ಟೊಮೇಟೊ ಸಾಸು, ಒಂದು ಸೀಸೆ ಚಿಲ್ಲಿ ಸಾಸು. ಬೇಳೆ ಮಾತ್ರ ಅರ್ಧ ಕಿಲೋ. ಚಿಕ್ಕ ಮಗನಿಗೆ ಸಾಸಿಲ್ಲದಿದ್ದರೆ ದೋಸೆ ಇಳಿಯುವುದಿಲ್ಲ. ಅವನನ್ನು ಬೈದು ಏನು ಪ್ರಯೋಜನ? ಬೆಳಗಾಗುವ ಮೊದಲೇ ಎದ್ದು ಮಸ್ಟರಿಗೆ ಓಡುವ ಮನೆಯಲ್ಲಿ ಚಟ್ನಿ ಅರೆಯುವುದಕ್ಕಿಂತ ಸೀಸೆ ಬಗ್ಗಿಸುವುದು ಸುಲಭವೆಂದು ಅವನಿಗೆ ಕಲಿಸಿದವರು ನಾವೇ.

ಆ ಸೀಸೆಯ ಚೀಟಿಯನ್ನು ಒಮ್ಮೆ ಓದಿ ನೋಡಿ. ಅಕ್ಷರ ಸಣ್ಣದು, ಮಕ್ಕಳ ಕೈಲಿ ಓದಿಸಿ. ಯಾವ ಪದಾರ್ಥ ಹೆಚ್ಚು ಇದೆಯೋ ಅದನ್ನು ಮೊದಲು ಬರೆಯಬೇಕೆಂಬುದು ಕಾನೂನು. ನಮ್ಮ ಮನೆಯ ಸೀಸೆಯಲ್ಲಿ ಮೊದಲು ನೀರು, ಆಮೇಲೆ ಟೊಮೇಟೊ, ಅದರ ಹಿಂದೆಯೇ ಸಕ್ಕರೆ ಇತ್ತು. 260 ಎಂಬ ಅಂಕಿಗೆ ಅಸಿಟಿಕ್ ಆಮ್ಲ, ಅಂದರೆ ವಿನೆಗರಿನ ಹುಳಿ ಎಂದರ್ಥ. 1422 ಒಂದು ಬಗೆಯ ಗಂಜಿ. 211 ಎಂದರೆ ಕೆಡದಂತೆ ಹಾಕುವ ಸೋಡಿಯಂ ಬೆಂಜೋಯೇಟ್. ಮಿತಿಯಲ್ಲಿ ಹಾಕಿದರೆ ಇವು ವಿಷವಲ್ಲ. ಸುಮ್ಮನೆ ಹೆದರಿಸುವುದು ನನ್ನ ಉದ್ದೇಶವಲ್ಲ. ಆದರೆ ಗಾಡಿ ಅಂಗಡಿಗಳಲ್ಲಿ ಚೀಟಿಯೇ ಇಲ್ಲದ ಡಬ್ಬದಿಂದ ಸುರಿಯುವ ಕೆಂಪು ಸಾಸಿನ ಮಾತು ಬೇರೆ. ಅದರಲ್ಲಿ ಟೊಮೇಟೊ ಇದೆಯೋ, ಕುಂಬಳಕಾಯಿಯೋ, ಬಣ್ಣವೋ, ಕೇಳಿದರೆ ಮಾರುವವನಿಗೂ ಗೊತ್ತಿರುವುದಿಲ್ಲ.

ಇನ್ನು ಹಣ್ಣಿನ ಮಾತು. ನಮ್ಮ ಬೆಟ್ಟದ ಸಂತೆಗೆ ಗುಂಡ್ಲುಪೇಟೆ ಕಡೆಯಿಂದ, ಬಂಡೀಪುರದ ಕಾಡು ದಾಟಿ ಟೊಮೇಟೊ ಬರುತ್ತದೆ. 2023ರ ಜುಲೈ ತಿಂಗಳು ನಿಮಗೆ ನೆನಪಿರಬೇಕು. ಕಿಲೋ ನೂರು ರೂಪಾಯಿ ದಾಟಿ, ಸಾರಿಗೂ ಹುಣಸೆಯೇ ಗತಿಯಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೆಲೆ ಬಿದ್ದು, ರೈತರು ಹಣ್ಣನ್ನು ರಸ್ತೆಗೆ ಸುರಿದರು. ಎರಡು ತಿಂಗಳಲ್ಲಿ ಇಷ್ಟು ಅಂತರ! ಸೀಸೆಯ ಬೆಲೆ ಮಾತ್ರ ಹಣ್ಣಿನ ಜೊತೆ ಇಳಿಯುವುದಿಲ್ಲ. ಆದುದರಿಂದ ಬೆಲೆ ಬಿದ್ದ ವಾರ ಮಾಡಿಟ್ಟುಕೊಂಡವರಿಗೆ ಲಾಭ. ಕಿಲೋ 40 ರೂಪಾಯಿ ಇರುವಾಗ ಮನೆಯಲ್ಲಿ ಸಾಸು ಮಾಡಲು ಹೋಗಬೇಡಿ, ಸೌದೆಯೂ ದಂಡ.

ಮಾಡುವ ಕ್ರಮ ಹೇಳುತ್ತೇನೆ. ಚೆನ್ನಾಗಿ ಕೆಂಪಾದ 3 ಕಿಲೋ ಹಣ್ಣು. ಕೊಳೆತ ಒಂದು ಹಣ್ಣೂ ಸೇರಬಾರದು. ಅಗ್ಗವೆಂದು ಸೇರಿಸಿದರೆ ಪೂರ್ತಿ ಹಾಳು. ತೊಳೆದು, ಹೆಚ್ಚಿ, ನೀರು ಹಾಕದೆ ಬೇಯಿಸಿ, ಜರಡಿಯಲ್ಲಿ ಉಜ್ಜಿ ಸಿಪ್ಪೆ ಬೀಜ ತೆಗೆಯಿರಿ. ಸುಮಾರು ಎರಡೂವರೆ ಕಿಲೋ ರಸ ಸಿಗುತ್ತದೆ. ಒಂದು ದೊಡ್ಡ ಈರುಳ್ಳಿ, ಸ್ವಲ್ಪ ಶುಂಠಿ, ಐದಾರು ಎಸಳು ಬೆಳ್ಳುಳ್ಳಿ ಜಜ್ಜಿ, ಚಕ್ಕೆ, ಲವಂಗ, ಮೆಣಸು, ಜೀರಿಗೆಯೊಡನೆ ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ರಸದೊಳಗೆ ಇಳಿಬಿಡಿ. ಸಕ್ಕರೆ ಒಟ್ಟು 200 ಗ್ರಾಂ. ಮೂರರಲ್ಲಿ ಒಂದು ಪಾಲು ಮೊದಲೇ, ಉಳಿದದ್ದು ರಸ ಗಟ್ಟಿಯಾದ ಮೇಲೆ. ಎಲ್ಲವನ್ನೂ ಮೊದಲೇ ಹಾಕಿ ಕುದಿಸಿದರೆ ಬಣ್ಣ ಕಂದಾಗುತ್ತದೆ. ಅಚ್ಚ ಖಾರದ ಪುಡಿ ಎರಡು ಚಮಚ. ರಸ ಮೂರರಲ್ಲಿ ಒಂದು ಪಾಲಿಗೆ ಇಳಿಯುವವರೆಗೆ ಕುದಿಯಲಿ. ಆಮೇಲೆ ಗಂಟನ್ನು ಹಿಂಡಿ ತೆಗೆದು, 25 ಗ್ರಾಂ ಉಪ್ಪು ಹಾಕಿ, ಕೊನೆಗೆ 60 ಮಿಲಿ ವಿನೆಗರ್ ಸೇರಿಸಿ. ವಿನೆಗರನ್ನು ಮೊದಲೇ ಹಾಕಿದರೆ ಹುಳಿಯೆಲ್ಲ ಹಬೆಯಲ್ಲಿ ಹೋಗುತ್ತದೆ.

ಹದ ಬಂದಿತೋ ಎಂದು ತಿಳಿಯಲು ತಟ್ಟೆಯ ಮೇಲೆ ಒಂದು ತೊಟ್ಟು ಬಿಡಿ. ಅದರ ಸುತ್ತ ನೀರು ಬಿಡದಿದ್ದರೆ ಆಯಿತು. ಸುಮಾರು ಒಂದು ಕಿಲೋ ಸಾಸು ಆಗುತ್ತದೆ. ಸೌದೆಗೆ ಒಣಗಿದ ಕವಾತಿನ ಕಡ್ಡಿ ಒಳ್ಳೆಯದು. ಗ್ಯಾಸು ಉರಿಸಿ ಮಾಡಿದರೆ ಉಳಿತಾಯ ಕಡಿಮೆ, ಇದನ್ನು ಮುಚ್ಚಿಡುವುದಿಲ್ಲ. ಅಲ್ಯೂಮಿನಿಯಂ ಪಾತ್ರೆ ಬೇಡ. ನಾನು ಮೊದಲ ಸಲ ಅದರಲ್ಲೇ ಮಾಡಿ, ಸಾಸಿಗೆ ಲೋಹದ ರುಚಿ ಬಂದು, ಪಾತ್ರೆಯ ಒಳಗು ಕೆರೆದಂತೆ ಬೆಳ್ಳಗಾಯಿತು. ನನ್ನ ಹೆಂಡತಿ ಆ ಪಾತ್ರೆಯನ್ನು ಇಂದಿಗೂ ಎತ್ತಿ ತೋರಿಸುತ್ತಾಳೆ. ಸ್ಟೀಲು ಅಥವಾ ಮಣ್ಣಿನ ಮಡಕೆ ಸಾಕು.

ಎರಡನೆಯ ಸಲ ಸಾಸು ಚೆನ್ನಾಗಿಯೇ ಬಂತು. ಆದರೆ ಸೀಸೆಯನ್ನು ತೊಳೆದು ಒಣಗಿಸದೆ ತುಂಬಿದೆ. ಒಂಬತ್ತನೆಯ ದಿನ ರಾತ್ರಿ ಮುಚ್ಚಳ ಹಾರಿ ಗೋಡೆಯೆಲ್ಲ ಕೆಂಪು. ಪಕ್ಕದ ಲೈನಿನವರು ಏನೋ ಅನಾಹುತವಾಯಿತೆಂದು ಓಡಿಬಂದರು. ಸೀಸೆಯನ್ನು ಕುದಿಸಿ, ಬಾಯಿ ಕೆಳಗೆ ಮಾಡಿ ಒಣಗಿಸಿ, ಬಿಸಿ ಇರುವಾಗಲೇ ಬಿಸಿ ಸಾಸು ತುಂಬಬೇಕು. ಆಮೇಲೆ ಅಗಲ ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ, ಸೀಸೆಗಳನ್ನು ನಿಲ್ಲಿಸಿ, ಕತ್ತಿನವರೆಗೆ ಬಿಸಿನೀರು ತುಂಬಿ ಅರ್ಧ ಗಂಟೆ ಕುದಿಸಿ. ಬೆಟ್ಟದ ಮೇಲೆ ನೀರು ಬೇಗ ಕುದಿಯುತ್ತದೆ, ಆದರೆ ಅಷ್ಟು ಬಿಸಿಯಾಗಿರುವುದಿಲ್ಲ. ಸುಮಾರು ಮುನ್ನೂರು ಮೀಟರ್ ಏರಿದರೆ ಒಂದು ಡಿಗ್ರಿ ಕಡಿಮೆ. ಅದಕ್ಕಾಗಿ ನಾವು ಹತ್ತು ನಿಮಿಷ ಹೆಚ್ಚು ಕುದಿಸುತ್ತೇವೆ. ಸಣ್ಣ ಸೀಸೆಗಳಲ್ಲಿ ತುಂಬಿ; ಒಂದನ್ನು ತೆರೆದರೆ ವಾರದೊಳಗೆ ಮುಗಿಸಿ. ಫ್ರಿಜ್ಜು ಇರುವವರು ಒಂದು ತಿಂಗಳು ಇಡಬಹುದು. ಬೂಸ್ಟು ಕಂಡರೆ ಮೇಲಿನದನ್ನು ತೆಗೆದು ಉಳಿದದ್ದನ್ನು ಉಣಿಸಬೇಡಿ, ಚೆಲ್ಲಿಬಿಡಿ.

ಈಗ ಹೇಳುವುದನ್ನು ಗಂಡಸರೂ ಕೇಳಿ. ಯಾವ ಸೀಸೆ ತರುತ್ತೀರಿ? ತೋಟದ ಔಷಧಿಯ ಸೀಸೆ, ಸೀಮೆಎಣ್ಣೆಯ ಸೀಸೆ, ರಬ್ಬರ್ ಹಾಲು ಹೆಪ್ಪು ಹಾಕುವ ಆಸಿಡ್ಡಿನ ಕ್ಯಾನು, ಇವನ್ನು ಎಷ್ಟು ತೊಳೆದರೂ ಅಡಿಗೆಮನೆಗೆ ತರಬೇಡಿ. ಅಂಗಡಿಯಲ್ಲಿ ವಿನೆಗರ್ ಕೇಳುವಾಗ ಎಚ್ಚರ. ಅಡಿಗೆಗೆ ಬೇಕಾದದ್ದು ಶೇಕಡಾ 4ರಷ್ಟು ಹುಳಿಯ ವಿನೆಗರ್. ಗ್ಲೇಶಿಯಲ್ ಅಸಿಟಿಕ್ ಆಸಿಡ್ ಎಂಬುದು ಅದೇ ಹುಳಿ, ಆದರೆ ನೂರಕ್ಕೆ ತೊಂಬತ್ತೊಂಬತ್ತು ಪಾಲು; ಗಂಟಲು, ಕಣ್ಣು ಸುಟ್ಟುಹೋಗುತ್ತದೆ. ನೀರು ಬೆರೆಸಿಕೊಂಡರೆ ಅಗ್ಗ ಎಂದು ಯಾರಾದರೂ ಹೇಳಿಯಾರು. ರಬ್ಬರಿನ ಆಸಿಡ್ಡು, ಈ ಆಸಿಡ್ಡು, ಕುಡಿಯುವ ನೀರು, ಮೂರೂ ನೋಡಲು ಒಂದೇ. ಒಂದೇ ಕೋಣೆಯಲ್ಲಿ ಮಕ್ಕಳೊಡನೆ ಇರುವ ನಮ್ಮ ಲೈನು ಮನೆಗೆ ಅದು ಬೇಡವೇ ಬೇಡ.

ಟೊಮೇಟೊ ಇಲ್ಲದ ಕಾಲಕ್ಕೆ ಹುಣಸೆ ಸಾಸು. 100 ಗ್ರಾಂ ಹುಣಸೆ ನೆನೆಸಿ ಕಿವುಚಿ ಸೋಸಿ, 200 ಗ್ರಾಂ ಬೆಲ್ಲ, ಉಪ್ಪು, ಖಾರದ ಪುಡಿ, ಹುರಿದ ಜೀರಿಗೆ ಪುಡಿ, ಸ್ವಲ್ಪ ಒಣ ಶುಂಠಿ ಹಾಕಿ ಕುದಿಸಿದರೆ ಆಯಿತು, ಅರ್ಧ ಗಂಟೆಯ ಕೆಲಸ. ಬಂಗಲೆಗಳಲ್ಲಿ ದೊರೆಗಳ ಮೇಜಿನ ಮೇಲೆ ಕರಿಯ ಸಾಸಿನ ಸೀಸೆ ಇಡುತ್ತಿದ್ದರೆಂದು ಹಿರಿಯರು ಹೇಳುತ್ತಿದ್ದರು. ಅದು ವೂಸ್ಟರ್ ಸಾಸು. ಲೀ ಅಂಡ್ ಪೆರಿನ್ಸ್ ಎಂಬ ಇಬ್ಬರು ಇಂಗ್ಲೆಂಡಿನಲ್ಲಿ 1837ರಿಂದ ಮಾರಿದ್ದು. ಅದರಲ್ಲಿ ಉಪ್ಪು ಹಾಕಿದ ಸಣ್ಣ ಮೀನಿದೆ, ಬೆಳ್ಳುಳ್ಳಿ ಇದೆ, ಹುಣಸೆಯೂ ಇದೆ! ನಾವು ಮಡಕೆಯಲ್ಲಿಟ್ಟ ಹುಣಸೆಯೇ ಸೀಸೆಯಲ್ಲಿ ದೊರೆಯ ಎದುರು ಕುಳಿತಿತ್ತು. ಕೊಡಗಿನವರ ಕಾಚಂಪುಳಿಯೂ ಇದೇ ಜಾತಿ. ಹಣ್ಣಿನ ಹುಳಿರಸವನ್ನು ಕಪ್ಪಗೆ ಗಟ್ಟಿಯಾಗುವವರೆಗೆ ಕಾಯಿಸಿದ್ದು.

ಖಾರದ ಸಾಸಿಗೆ ಹಿತ್ತಲಿನ ಗಾಂಧಾರಿ ಮೆಣಸು ಸಾಕು. ಉಪ್ಪು, ಬೆಳ್ಳುಳ್ಳಿಯೊಡನೆ ಬೇಯಿಸಿ, ವಿನೆಗರಿನಲ್ಲೇ ಅರೆದು, ಮತ್ತೊಮ್ಮೆ ಕುದಿಸಿ ತುಂಬಿ. ನೀರು ಬೇಡ. ಎಲೆ ಕಿತ್ತು ಬೆರಳು ಒಡೆದವರು ಮೆಣಸು ಮುಟ್ಟುವ ಮೊದಲು ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ, ಇಲ್ಲದಿದ್ದರೆ ರಾತ್ರಿಯೆಲ್ಲ ಉರಿ. ಇನ್ನೊಂದು ಮಾತು: ಹಸಿ ಬೆಳ್ಳುಳ್ಳಿಯನ್ನು ಹುಳಿಯಿಲ್ಲದೆ ಬರೀ ಎಣ್ಣೆಯಲ್ಲಿ ಮುಳುಗಿಸಿ ಹೊರಗೆ ಇಡಬೇಡಿ. ಗಾಳಿಯಿಲ್ಲದ ಕಡೆ ಬೆಳೆಯುವ ಒಂದು ವಿಷಕ್ರಿಮಿ ಅದರಲ್ಲಿ ಹುಟ್ಟಬಹುದು. ವಾಸನೆಯಿಂದ ಅದು ತಿಳಿಯುವುದಿಲ್ಲ. ಸಾಸಿನಲ್ಲಿ ನಮ್ಮನ್ನು ಕಾಯುವುದು ಆ ಹುಳಿಯೇ. ಮಗುವಿಗೆ ಹುಳಿ ಹೆಚ್ಚಾಯಿತೆಂದು ವಿನೆಗರನ್ನು ಕಡಿಮೆ ಮಾಡಬೇಡಿ, ಬೇಕಾದರೆ ಸಕ್ಕರೆ ಒಂದು ಚಮಚ ಹೆಚ್ಚಿಸಿ.

ನಮ್ಮ ಮಗ ಮೊದಲ ದಿನ ಮುಖ ಸಿಂಡರಿಸಿದ. ಅಂಗಡಿಯದು ನುಣ್ಣಗಿರುತ್ತದೆ, ಇದು ತರಿತರಿ ಎಂದ. ಎರಡು ಸಲ ಜರಡಿ ಹಿಡಿದೆವು. ಈಗ ತಿನ್ನುತ್ತಾನೆ, ಆದರೆ ಪಟ್ಟಣಕ್ಕೆ ಹೋದಾಗ ಈಗಲೂ ಅಂಗಡಿಯದನ್ನೇ ಕೇಳುತ್ತಾನೆ.

ಸಂತೆಯಲ್ಲಿ ಹಣ್ಣು ಕಿಲೋ 10 ರೂಪಾಯಿಗೆ ಇಳಿದ ವಾರ, ಐದು ಮನೆಯವರು ಕೂಡಿ ಒಂದು ಪೆಟ್ಟಿಗೆ ತರೋಣ. ದೊಡ್ಡ ಸ್ಟೀಲು ಪಾತ್ರೆಯೂ ಜರಡಿಯೂ ನಮ್ಮ ಮನೆಯಿಂದ ಬರುತ್ತವೆ. ಸೀಸೆ ನಿಮ್ಮದು, ಮುಚ್ಚಳ ಸಮೇತ ತನ್ನಿ. ಹೆಸರನ್ನು ಈಗಲೇ ಅಕ್ಕನವರ ಹತ್ತಿರ ಬರೆಸಿ.