ಕಾವಲುಗಾರನಲ್ಲ, ಕವಿ
(ಕಿತ್ತೂರಿನಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)

ನಾವು ಸಾಲಿ ಕಲಿಯುವಾಗ ಬಸವ ಜಯಂತಿಗೆ ವಚನ ಹೇಳುವ ಸ್ಪರ್ಧೆ ಇತ್ತು. ನಮ್ಮ ಕೇರಿಯ ಹುಡುಗರೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆವು. "ನೀವು ಚಾಪಿ ಹಾಸ್ರಿ, ಹಿಂದ ಕುಂದರ್ರಿ" ಅಂದರು. ಹಾಸಿದೆವು. ಹಿಂದೆ ಕುಳಿತೆವು. ಜಾತಿ ಇಲ್ಲ ಎಂಬ ವಚನವನ್ನು ಜಾತಿ ನೋಡಿ ಹೇಳಿಸಿದರು. ಅವತ್ತು ನಮಗೆ ಸಿಟ್ಟು ಬರಲಿಲ್ಲ. ಯಾಕೆಂದರೆ ವಚನ ಬೇರೆಯವರ ಆಸ್ತಿ, ನಾವು ಕೇಳುವವರು ಅಷ್ಟೇ ಅಂತ ನಾವೂ ನಂಬಿದ್ದೆವು.

ಆ ನಂಬಿಕೆ ಸುಳ್ಳು. ಅದನ್ನು ಹೇಳಲಿಕ್ಕೇ ಇಂದು ಎದ್ದು ನಿಂತಿದ್ದೇವೆ.

ಕಲ್ಯಾಣದ ಕಥೆ ನಿಮಗೆ ಗೊತ್ತು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಲಗ್ನವಾಯಿತು. ಒಂದು ಲಗ್ನಕ್ಕೆ ರಾಜ್ಯವೇ ನಡುಗಿತು. ಬಿಜ್ಜಳ ಇಬ್ಬರೂ ಬೀಗರಿಗೆ ಸಾವಿನ ಶಿಕ್ಷೆ ಕೊಟ್ಟ. ಮುಂದೆ ಬಿಜ್ಜಳನೂ ಕೊಲೆಯಾದ. ಇದೆಲ್ಲ 1167-68ರ ಸುಮಾರಿಗೆ. ಆಮೇಲೆ ಶರಣರು ದಿಕ್ಕಾಪಾಲಾದರು. ಚೆನ್ನಬಸವಣ್ಣನ ದಂಡು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿನ ಕಡೆ ಹೊರಟಿತು. ಬೆನ್ನಿಗೆ ಸೈನ್ಯ.

ಆ ದಂಡು ನಡೆದದ್ದು ನಮ್ಮ ಈ ನೆಲದ ಮೇಲೆಯೇ. ಎಂ.ಕೆ. ಹುಬ್ಬಳ್ಳಿಯ ಹೊಳೆಯಲ್ಲಿ ಗಂಗಾಂಬಿಕೆಯ ಐಕ್ಯಸ್ಥಳ ಐತಿ, ನೀವೆಲ್ಲ ನೋಡೀರಿ. ಕಾದರವಳ್ಳಿ ಅಂದರೆ ಕಾದಾಡಿದ ಹಳ್ಳಿ ಅಂತ ನಮ್ಮ ಹಿರಿಯರು ಬಿಡಿಸಿ ಹೇಳುತ್ತಾರೆ. ಇನ್ನು ಖಾನಾಪುರ ತಾಲೂಕಿನ ಕಕ್ಕೇರಿ. ಅಲ್ಲಿ ಬಿದ್ದವನು ಡೋಹರ ಕಕ್ಕಯ್ಯ. ಅವನ ಹೆಸರೇ ಊರಿಗೆ ಬಂತು ಅನ್ನುತ್ತಾರೆ.

ಕಕ್ಕಯ್ಯ ಯಾರು? ತೊಗಲು ಹದ ಮಾಡುವವನು. ಮಾಳವ ದೇಶದಿಂದ ಕಲ್ಯಾಣಕ್ಕೆ ಬಂದವನು ಎಂದು ಪರಂಪರೆ ಹೇಳುತ್ತದೆ. ಬಸವಣ್ಣ ತನ್ನ ಹಿರಿಯರ ಸಾಲಿನಲ್ಲಿ ಮಾದಾರ ಚೆನ್ನಯ್ಯನ ಜೊತೆ ಇವನನ್ನೂ ಎಣಿಸಿದ. ಕಕ್ಕಯ್ಯನ ಕಥೆ ಹೇಳುವವರು ಏನಂತ ಹೇಳುತ್ತಾರೆ? ವಚನದ ಕಟ್ಟು ಉಳಿಸಲಿಕ್ಕೆ ಸೈನ್ಯಕ್ಕೆ ಅಡ್ಡ ನಿಂತ, ಕಾದಿದ, ಸತ್ತ. ಕೇಳಲಿಕ್ಕೆ ಚಂದ ಐತಿ. ಆದರೆ ಗೆಳೆಯರೇ, ಅಲ್ಲೊಂದು ಮೋಸ ಐತಿ. ಪುಸ್ತಕ ಅವರದು, ಕಾಯುವ ಆಳು ನಮ್ಮವನು ಎಂದಂತಾಯಿತು. ಕಕ್ಕಯ್ಯ ಬರೀ ಕಾವಲುಗಾರನಲ್ಲ. ಅವನು ವಚನಕಾರ. ಅಭಿನವ ಮಲ್ಲಿಕಾರ್ಜುನ ಅವನ ಅಂಕಿತ. ನಮಗೆ ಸಿಕ್ಕಿರುವುದು ಆರೇ ಆರು ವಚನ. ಅವುಗಳ ನಡುವೆ ಹುಟ್ಟಿದ ಕುಲದ ಸಂಕಟವನ್ನು ದೇವರ ಮುಂದೆಯೇ ಇಟ್ಟಿದ್ದಾನೆ. ಅವನು ಕಾದ ಕಟ್ಟಿನೊಳಗೆ ಅವನ ಮಾತೂ ಇತ್ತು!

ಇಂಥ ಇನ್ನೊಬ್ಬ ಕವಿಯ ಕಥೆ ಹೇಳುತ್ತೇವೆ. ದೂರದವನು, ಆದರೆ ನಮ್ಮವನೇ. ಮಹಮೂದ್ ದರ್ವೀಶ್. ಪ್ಯಾಲೆಸ್ತೀನಿನ ಬಿರ್ವಾ ಎಂಬ ಹಳ್ಳಿಯಲ್ಲಿ 1941ರಲ್ಲಿ ಹುಟ್ಟಿದ. 1948ರಲ್ಲಿ ಇಸ್ರೇಲಿನ ಸೈನ್ಯ ಬಂತು. ಏಳು ವರ್ಷದ ಹುಡುಗ ಮನೆಮಂದಿಯ ಜೊತೆ ಲೆಬನಾನಿಗೆ ಓಡಿದ. ಮರುವರ್ಷ ಕದ್ದು ವಾಪಸ್ ಬಂದರೆ ಊರೇ ಇಲ್ಲ, ನೆಲಸಮ. ಎಣಿಕೆ ಆಗುವಾಗ ಇವರು ಹೊರಗಿದ್ದರಲ್ಲ, ಅದಕ್ಕೆ ಸರಕಾರ ಇಂಥವರಿಗೆ ಒಂದು ಹೆಸರು ಕೊಟ್ಟಿತು: ಹಾಜರಿರುವ ಗೈರುಹಾಜರರು. ಕಣ್ಣ ಮುಂದೆ ನಿಂತಿದ್ದಾನೆ, ಕಾಗದದಲ್ಲಿ ಇಲ್ಲ.

ಈ ಮಾತು ಕೇಳಿದಾಗ ನಿಮಗೆ ಏನನ್ನಿಸಿತು? ನಮಗಂತೂ ನಮ್ಮ ಕೇರಿ ನೆನಪಾಯಿತು. ನಾವು ಕಾಗದದಲ್ಲಿ ಇದ್ದೇವೆ. ಮತದಾರರ ಪಟ್ಟಿಯಲ್ಲಿ ಇದ್ದೇವೆ. ಗುಡಿಯ ಹೊಸ್ತಿಲಿಗೆ, ಹೋಟೆಲಿನ ಕಪ್ಪಿಗೆ ಬಂದಾಗ ಇಂದಿಗೂ ಎಷ್ಟೋ ಊರಲ್ಲಿ ನಾವು ಇಲ್ಲ. ಅವನನ್ನು ಊರಿಂದ ಓಡಿಸಿದರು. ನಮ್ಮನ್ನು ಊರಲ್ಲೇ ಇಟ್ಟು ಊರ ಹೊರಗೆ ಇಟ್ಟರು.

ದರ್ವೀಶ್ ಸಾಲಿಯ ಹುಡುಗನಿದ್ದಾಗ ಇಸ್ರೇಲಿನ ಸ್ವಾತಂತ್ರ್ಯದ ದಿನ ತಾನೇ ಬರೆದ ಕವಿತೆ ಓದಿದ. ನಿನಗೆ ಮನೆ ಐತಿ, ನನಗೆ ಯಾಕಿಲ್ಲ ಎಂಬ ಹುಡುಗರ ಮಾತು ಅದು. ಮಿಲಿಟರಿ ಅಧಿಕಾರಿ ಕರೆಸಿ ಹೆದರಿಸಿದ: ಹಿಂಗ ಬರೆದರೆ ನಿಮ್ಮಪ್ಪನಿಗೆ ಕಲ್ಲಿನ ಖಣಿಯ ಕೆಲಸ ಇರೋದಿಲ್ಲ. ಅಪ್ಪನ ಕೂಲಿ ಹಿಡಿದು ಮಗನ ಬಾಯಿ ಕಟ್ಟುವುದು! ಇದು ನಮಗೆ ಹೊಸದೇನು? ಆದರೂ ಹುಡುಗ ಬರೆಯುವುದು ಬಿಡಲಿಲ್ಲ. 1964ರಲ್ಲಿ "ಗುರುತಿನ ಚೀಟಿ" ಬಂತು, ಜನರ ಬಾಯಿಗೆ ಬಿತ್ತು. ಜೈಲು, ಗೃಹಬಂಧನ ಬೆನ್ನು ಹತ್ತಿದವು. 1970ರಲ್ಲಿ ದೇಶ ಬಿಟ್ಟ. ಮಾಸ್ಕೋ, ಕೈರೋ, ಬೈರೂತ್, ಟ್ಯೂನಿಸ್, ಪ್ಯಾರಿಸ್ ಅಲೆದ. 1988ರಲ್ಲಿ ಪ್ಯಾಲೆಸ್ತೀನಿನ ಸ್ವಾತಂತ್ರ್ಯ ಘೋಷಣೆ ಬರೆದವನು ಇವನೇ. 1993ರಲ್ಲಿ ಓಸ್ಲೋ ಒಪ್ಪಂದ ಸರಿಯಿಲ್ಲವೆಂದು ತನ್ನ ಸಂಘಟನೆಯ ಕಾರ್ಯಕಾರಿ ಸಮಿತಿಗೇ ರಾಜೀನಾಮೆ ಕೊಟ್ಟ. ನಾಯಕರಿಗೆ ಜೈಕಾರ ಹಾಕುವುದೇ ಕವಿಯ ಕೆಲಸವಲ್ಲ ಎಂದು ನಾವೂ ಕಲಿಯಬೇಕು. 2008ರ ಆಗಸ್ಟ್ 9ರಂದು ಅಮೇರಿಕದ ಆಸ್ಪತ್ರೆಯಲ್ಲಿ ತೀರಿಕೊಂಡ. ಮಣ್ಣು ಮಾಡಿದ್ದು ರಮಲ್ಲಾದಲ್ಲಿ. ಹುಟ್ಟಿದ ಬಿರ್ವಾಕ್ಕೆ ಹೆಣವೂ ಮುಟ್ಟಲಿಲ್ಲ.

ಇನ್ನೊಂದು ಸಂಗತಿ. 1982ರಲ್ಲಿ ಇಸ್ರೇಲಿನ ಸೈನ್ಯ ಬೈರೂತಿಗೆ ನುಗ್ಗಿದಾಗ ಅಲ್ಲಿದ್ದ ಪ್ಯಾಲೆಸ್ತೀನ್ ಸಂಶೋಧನ ಕೇಂದ್ರದ ಪುಸ್ತಕ, ದಾಖಲೆಗಳನ್ನು ಹೊತ್ತುಕೊಂಡು ಹೋಯಿತು. ಬಂದೂಕು ಇದ್ದವರಿಗೆ ಕಾಗದದ ಭಯ ಯಾಕೆ? ಕಲ್ಯಾಣದ ಸೈನ್ಯ ಓಲೆಗರಿಯ ಬೆನ್ನು ಹತ್ತಿದ್ದು ಯಾಕೆ? ಭೂಮಿ ಕಸಿದುಕೊಂಡರೂ ಮಾತು ಉಳಿದರೆ, ಕಸಿದುಕೊಂಡವನ ಹೆಸರೂ ಉಳಿಯುತ್ತದೆ. ಅದಕ್ಕೇ.

ಕಕ್ಕಯ್ಯನ ಆರು ವಚನ ನಮ್ಮ ಕೈಗೆ ಬರಲಿಕ್ಕೆ ಶತಮಾನಗಳು ಬೇಕಾದವು. ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಓಲೆಗರಿ ಕೂಡಿಸಿ 1923ರಲ್ಲಿ "ವಚನಶಾಸ್ತ್ರಸಾರ" ಅಚ್ಚು ಹಾಕಿಸಿದರು. ಅವರಿಗೆ ಶರಣು. ಆದರೆ ನಮ್ಮ ಕೇರಿಯ ಕಟ್ಟು ಹುಡುಕಿಕೊಂಡು ಯಾರೋ ಬರಲಿ ಅಂತ ನಾವು ಕಾಯಬೇಕೇನು?

ಅದಕ್ಕೆ ಒಂದು ಕೆಲಸ ಹೇಳುತ್ತೇವೆ. ಈ ಸೂಟಿಗೆ ಊರಿಗೆ ಹೋದಾಗ ಒಂದು ವಹಿ ಒಯ್ಯಿರಿ. ಅಜ್ಜಿಯ ಹತ್ತಿರ ಕುಂದರ್ರಿ. ಬೀಸುವ ಹಾಡು, ಸತ್ತಾಗಿನ ಹಾಡು, ಊರಿಂದ ಬಹಿಷ್ಕಾರ ಹಾಕಿದ ಕಥೆ, ಯಾವುದಾದರೂ ಸರಿ, ಬರೆದುಕೊಳ್ಳಿರಿ. ಹೇಳಿದವಳ ಹೆಸರು ಮೇಲೆ ಬರೆಯಿರಿ, ಆ ಹೆಸರು ಮರೆಯಬ್ಯಾಡ್ರಿ. ಬರುವಾಗ ಕಕ್ಕೇರಿಗೆ ಇಳಿದು ಬರ್ರಿ. ಕಕ್ಕಯ್ಯನ ಮುಂದೆ ಕೈ ಮುಗಿಯುವುದು ನಿಮಗೆ ಬಿಟ್ಟದ್ದು. ಅವನ ಆರು ವಚನ ಮಾತ್ರ ಅಲ್ಲಿ ಗಟ್ಟಿಯಾಗಿ ಓದ್ರಿ.

ಮುಂದಿನ ಸಭೆಯಲ್ಲಿ ಚಾಪಿ ಎಲ್ಲರೂ ಕೂಡಿ ಹಾಸೋಣ. ಓದುವವರು ನೀವು.

ಜೈಭೀಮ್.