ನಿಯಮಗಿರಿಯವರ ಲೆಕ್ಕ



ಒಡಿಶಾದ ರಾಯಗಡ, ಕಾಳಹಂಡಿ ಜಿಲ್ಲೆಗಳಲ್ಲಿ ನಿಯಮಗಿರಿ ಎಂಬ ಬೆಟ್ಟಸಾಲಿದೆ. ನೆತ್ತಿಯ ಮೇಲೆ ಬಾಕ್ಸೈಟ್ ಅದಿರು. ಬುಡದ ಲಾಂಜಿಗಢದಲ್ಲಿ ವೇದಾಂತ ಕಂಪನಿಯ ಅಲ್ಯೂಮಿನಾ ಕಾರ್ಖಾನೆ. ಕಾರ್ಖಾನೆ ಮೊದಲು ಎದ್ದಿತು, ಬೆಟ್ಟ ಅಗೆಯಲು ಊರವರನ್ನು ಕೇಳಿದ್ದು ಆಮೇಲೆ. ಚಪ್ಪರ ಹಾಕಿ ಹೆಣ್ಣು ಕೇಳಿದ ಹಾಗೆ!

ಅಲ್ಲಿನ ಡೋಂಗ್ರಿಯಾ ಕೊಂಧರಿಗೆ ಆ ಬೆಟ್ಟ ನಿಯಮರಾಜನ ನೆಲೆ. ಪೇಟೆಯವರು ಹೆಚ್ಚಾಗಿ ಬರೆದದ್ದು ಇದನ್ನೇ. ಆದರೆ ಅವರೂ ನಮ್ಮಂತೆ ಬೇಸಾಯಗಾರರು ಕಣ್ರೀ. ಇಳಿಜಾರಿನಲ್ಲಿ ರಾಗಿ, ಅರಿಶಿನ, ಅನಾನಸ್, ಕಿತ್ತಳೆ ಬೆಳೆದು ಸಂತೆಗೆ ಹೊರುತ್ತಾರೆ. ನೆತ್ತಿಯ ಆ ಅದಿರಿನ ಪದರವೇ ಮಳೆನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಹಳ್ಳಗಳಿಗೆ ಬಿಡುತ್ತದೆ. ಅದಿರು ಹೋದರೆ ನೀರೂ ಹೋಯಿತು. ಪರಿಹಾರ ಒಂದು ಸಲ ಬರುತ್ತೆ, ಅರಿಶಿನದ ದುಡ್ಡು ವರ್ಷವರ್ಷವೂ ಬರುತ್ತೆ. ಸಾಲ ಕಂಡ ನಿಮಗೆ ಈ ಲೆಕ್ಕ ನಾನು ಹೇಳಿಕೊಡಬೇಕೆ?

2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, 2006ರ ಅರಣ್ಯ ಹಕ್ಕು ಕಾಯ್ದೆಯಂತೆ ಗ್ರಾಮಸಭೆಗಳು ತೀರ್ಮಾನಿಸಲಿ ಎಂದಿತು. ಸರ್ಕಾರವೇ 12 ಹಳ್ಳಿಗಳನ್ನು ಆರಿಸಿತು. ಹನ್ನೆರಡೂ ಬೇಡ ಅಂದವು! 2014ರ ಜನವರಿಯಲ್ಲಿ ಕೇಂದ್ರ ಪರಿಸರ ಇಲಾಖೆ ಅನುಮತಿ ನಿರಾಕರಿಸಿತು.

ನಿಮ್ಮೂರಿನ ಗ್ರಾಮಸಭೆ ಕಡೇ ಸಲ ಸೇರಿದ್ದು ಯಾವಾಗ? ಅವತ್ತು ನೀವು ಕೂತು ಮಾತಾಡಿದಿರೋ, ಪುಸ್ತಕಕ್ಕೆ ಸಹಿ ಹಾಕಿ ಎದ್ದು ಬಂದಿರೋ?